ಎಲ್ಲರ ಮನೆಯ ಟೀ ಕುಡಿದವಳು

ಆಗ ನನಗೆ ಎಪ್ಪತ್ತು. ಈಗ ಎಪ್ಪತ್ತಮೂರು. ಮೂರು ವರ್ಷದ ಹಿಂದಿನದು ನೆನಪಿದೆ ಎನ್ನುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೂ ಬರೆಯುತ್ತಿದ್ದೇನೆ. ಹೋದ ವಾರ ಅವಳಿಗೆ ಕೆಲಸದಿಂದ ನಿವೃತ್ತಿಯಾಯಿತು ಎಂದು ಮಗನ ಫೋನಿಗೆ ಒಂದು ಫೋಟೋ ಬಂತು. ಕೊರಳಿಗೆ ಹಾರ, ಕೈಯಲ್ಲಿ ಶಾಲು, ಮುಖದಲ್ಲಿ ಹಲ್ಲುನೋವಿನವಳ ನಗೆ. ಅವಳ ಹಿಂದಿನ ಕಿಟಕಿ ತೆರೆದಿತ್ತು. ಅವಳೇ ತೆಗೆದಿರಬೇಕು.

ಸತ್ತವರ ಬಗ್ಗೆ ಏನು ಬರೆದರೂ ಎದ್ದು ಬಂದು ಸುಳ್ಳು ಅನ್ನುವುದಿಲ್ಲ. ಇವಳು ಬದುಕಿದ್ದಾಳೆ. ಆದ್ದರಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ಊಟಿಯ ಕಡೆ ಇತ್ತಲಾರಿನ ಮೇಲೆ ನಮ್ಮ ಹಟ್ಟಿ. ಒಂದಕ್ಕೊಂದು ಗೋಡೆ ಅಂಟಿಕೊಂಡ ಸಾಲುಮನೆಗಳು, ಮುಂದೆ ಎಲ್ಲರಿಗೂ ಸೇರಿ ಒಂದೇ ಅಂಗಳ, ಅಂಗಳದ ಅಂಚಿಗೆ ಕಲ್ಲಿನ ಗೋಡೆ, ಅದರ ಕೆಳಗೆ ಚಹಾ ತೋಟ. ಸಾಲಿನ ಕೊನೆಯ ಮನೆ ನನ್ನದು. ಪಕ್ಕದಲ್ಲಿ ಆಲೂಗಡ್ಡೆ ಮೂಟೆ ಹಾಕುತ್ತಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಕೊರೊನಾ ಮುಗಿದ ಮೇಲೆ ಅವಳು ಆ ಕೋಣೆ ಬಾಡಿಗೆಗೆ ಕೇಳಿಕೊಂಡು ಬಂದಳು. ಮೈಸೂರಿನ ಕಡೆಯವಳು. ಐವತ್ತು ದಾಟಿದ ಹೆಂಗಸು, ಕೂದಲು ಕತ್ತರಿಸಿಕೊಂಡಿದ್ದಳು, ಹೆಗಲಿಗೆ ಮಂಜುಗಡ್ಡೆಯ ನೀಲಿ ಪೆಟ್ಟಿಗೆ.

"ಏನು, ಐಸ್‌ಕ್ರೀಮ್ ಮಾರೋಕೆ ಬಂದೆಯಾ?" ಅಂದೆ.

"ಇಲ್ಲ ಹೆತ್ತೆ, ಮೂಗು ನೋಡೋಕೆ ಬಂದೆ," ಅಂದಳು. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಬಸ್ಸಿನಲ್ಲಿ ಯಾರನ್ನೋ ಕೇಳಿ ಕಲಿತುಕೊಂಡು ಬಂದಿದ್ದಳು.

ಅವಳ ಕೆಲಸ ಇಷ್ಟು. ಹಟ್ಟಿಯಲ್ಲಿ ಯಾರು ಕೆಮ್ಮಿದರೂ, ಯಾರ ಮೈ ಬಿಸಿಯಾದರೂ, ಹೋಗಿ ಮೂಗಿನೊಳಗೆ ಉದ್ದದ ಹತ್ತಿಕಡ್ಡಿ ಹಾಕಿ ತಿರುಗಿಸುವುದು. ಆ ಕಡ್ಡಿಯನ್ನು ಗುಲಾಬಿ ಬಣ್ಣದ ನೀರಿರುವ ಸಣ್ಣ ಕೊಳವೆಯಲ್ಲಿ ಮುರಿದು ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಊಟಿಯ ಬಸ್ಸಿಗೆ ಕಳಿಸುವುದು. ಅಲ್ಲಿ ಅವಳ ಜೊತೆಯವರು ಯಂತ್ರಕ್ಕೆ ಹಾಕಿ ನೋಡಿ, ಇದು ಫ್ಲೂ, ಇದು ಕೊರೊನಾ, ಇದು ಬರೀ ನೆಗಡಿ ಎಂದು ಅವಳಿಗೆ ತಿಳಿಸುತ್ತಿದ್ದರು. ಹಿಮ ಬೀಳುವ ಊರಿನಲ್ಲಿ, ಕಿಟಕಿ ಮುಚ್ಚಿ ಒಲೆ ಸುತ್ತ ಕೂರುವ ಜನರಲ್ಲಿ, ಈ ಜ್ವರ ಮನೆಯಿಂದ ಮನೆಗೆ ಹೇಗೆ ಹೋಗುತ್ತದೆ ಎನ್ನುವುದು ಅವಳ ಸಂಶೋಧನೆ. ಕೋಳಿಗಳನ್ನೂ ಬಿಡುತ್ತಿರಲಿಲ್ಲ. ಹಟ್ಟಿಯವರು ಅವಳಿಗೆ ಮೂಗಮ್ಮ ಎಂದು ಹೆಸರಿಟ್ಟರು. ಕರೆದರೆ ಓ ಎನ್ನುತ್ತಿದ್ದಳು.

"ವರ್ಷ ವರ್ಷ ಅದೇ ಜ್ವರ. ಅದರಲ್ಲಿ ನೋಡೋಕೆ ಏನಿದೆ?" ಅಂತ ಒಮ್ಮೆ ಕೇಳಿದೆ.

"ಅದೇ ಅಲ್ಲ ಹೆತ್ತೆ. ಪ್ರತಿ ವರ್ಷ ಸ್ವಲ್ಪ ಬೇರೆ."

"ಕವಾತು ಮಾಡಿದ ಚಹಾ ಗಿಡ ಮತ್ತೆ ಚಿಗುರಿದ ಹಾಗೆ ಅನ್ನು."

"ಹೌದು. ಆದರೆ ನಿಮ್ಮ ಗಿಡಕ್ಕೆ ರಾತ್ರೋರಾತ್ರಿ ಪಕ್ಕದ ತೋಟದ ಕೊಂಬೆ ಬಂದು ಅಂಟಿಕೊಂಡರೆ? ಕೋಳಿಯದೋ ಹಂದಿಯದೋ ಕೊಂಬೆ? ಅದೇ ನನಗೆ ಭಯ."

ಅವಳಲ್ಲಿ ಮೂರು ಕೆಟ್ಟ ಚಾಳಿ ಇದ್ದವು. ಒಂದು, ಯಾರ ಮನೆಗೆ ಹೋದರೂ ಮೊದಲು ಕಿಟಕಿ ತೆಗೆಯುವುದು. ನಮ್ಮ ಊರಿನಲ್ಲಿ ಜನವರಿ ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬಿದ್ದಿರುತ್ತದೆ. ಆಗಲೂ ತೆಗೆಯುತ್ತಿದ್ದಳು. ಅವಳು ತೆಗೆದದ್ದನ್ನು ನಾನು ಮುಚ್ಚುವುದು, ನಾನು ಮುಚ್ಚಿದ್ದನ್ನು ಅವಳು ತೆಗೆಯುವುದು, ಇದೇ ನಮ್ಮ ಸ್ನೇಹ.

ಎರಡು, ಗೊತ್ತಿಲ್ಲ ಎನ್ನುವುದು. ಅಷ್ಟು ಓದಿದವಳು ಅಷ್ಟು ಸಲ ಗೊತ್ತಿಲ್ಲ ಎಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಔಷಧಿ ಅಂಗಡಿಯವನಿಗೆ ಎಲ್ಲವೂ ಗೊತ್ತು.

ಮೂರು, ಟೀ. ಊಟಿಯಿಂದ ಯಾರದೋ ಮೂಗಿನ ಫಲಿತಾಂಶ ಬಂತೆಂದರೆ ಅವಳು ಸಾಲಿನ ಮೊದಲ ಮನೆಯಿಂದ ಹಿಡಿದು ಕೊನೆಯ ಮನೆಯವರೆಗೆ ಒಂದನ್ನೂ ಬಿಡದೆ ಹೋಗುತ್ತಿದ್ದಳು. ಪ್ರತಿ ಮನೆಯಲ್ಲೂ ಅರ್ಧ ಲೋಟ ಟೀ ಕೇಳಿ ಕುಡಿಯುತ್ತಿದ್ದಳು. ಬಂದ ಫಲಿತಾಂಶ ಒಂದೇ ಮನೆಯದಾದರೂ ಹಾಗೇ. ಇವಳಿಗೆ ಸಂಬಳ ಸಾಲದು, ಅದಕ್ಕೇ ಊರ ಟೀಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ ಎಂದು ಹೆಂಗಸರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಹಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಮೂಗು ಕೊಟ್ಟವರು ನನ್ನ ಬಾವ. ನನ್ನ ಗಂಡನ ಅಣ್ಣ, ಹಟ್ಟಿಯ ಗೌಡ, ಎಂಬತ್ತು ದಾಟಿದವರು. ಅಂಗಳದ ನಡುವೆ ಕುರ್ಚಿ ಹಾಕಿ ಕೂತು ಕೊಟ್ಟರು, ಎಲ್ಲರೂ ನೋಡಲಿ ಎಂದು. ಆಮೇಲೆ ಒಬ್ಬೊಬ್ಬರೇ ಕೊಟ್ಟರು. ನಾನು ಕೊಡಲಿಲ್ಲ. "ಎನ್ನ ಮೂಗಿಗೆ ನಿನ್ನ ಕಡ್ಡಿ ಬೇಡ" ಅಂದೆ. ಅವಳು ಮತ್ತೆ ಕೇಳಲಿಲ್ಲ. ಕೆಮ್ಮಿದಾಗ ಒಂದು ಸಲ ನನ್ನ ಮುಖ ನೋಡುತ್ತಿದ್ದಳು, ಸುಮ್ಮನಾಗುತ್ತಿದ್ದಳು.

ಯಾಕೆ ಕೊಡಲಿಲ್ಲ ಎಂದರೆ, ಕೊರೊನಾ ಕಾಲದಲ್ಲಿ ಮೂಗು ಕೊಟ್ಟವರ ಗತಿ ನೋಡಿದ್ದೆ. ನಡುವಿನ ಮನೆಯವರು ಕೊಯಮತ್ತೂರಿನಿಂದ ಬಂದು ಪರೀಕ್ಷೆ ಮಾಡಿಸಿಕೊಂಡರು. ಸಂಜೆಯೊಳಗೆ ಇಡೀ ಊರಿಗೆ ಸುದ್ದಿ. ಅವರ ಬಾಗಿಲ ಮುಂದೆ ಮುಳ್ಳು ಬಿತ್ತು. ಅವರ ತೋಟದ ಎಲೆ ಕೊಯ್ಯಲು ಯಾರೂ ಹೋಗಲಿಲ್ಲ, ಫ್ಯಾಕ್ಟರಿಯವರು ತೆಗೆದುಕೊಳ್ಳಲಿಲ್ಲ. ಎಲೆ ಬಲಿತು ಕೈಯಷ್ಟಗಲವಾಯಿತು. ಜ್ವರ ಹೋಗಿ ಎಷ್ಟೋ ದಿನವಾದರೂ ಆ ಮನೆಯ ಮಗುವನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಈಗ ಆ ಜನವರಿಗೆ ಬರುತ್ತೇನೆ.

ನನ್ನ ಸೊಸೆ ಕೋತಗಿರಿ ಕಡೆಯ ಹಟ್ಟಿಯವಳು. ಮದುವೆಯಾಗಿ ಎಂಟು ವರ್ಷಕ್ಕೆ ಬಸುರಿಯಾದಳು. ನಮ್ಮಲ್ಲಿ ಮದುವೆಯ ದಿನವೇ ಎಲ್ಲ ಮುಗಿಯುವುದಿಲ್ಲ. ಮೊದಲ ಬಸಿರು ಏಳನೇ ತಿಂಗಳಿಗೆ ಬಂದಾಗ ಗಂಡ ಎಲ್ಲರ ಎದುರು ಮಾವನನ್ನು ಕೇಳಬೇಕು, ನಿನ್ನ ಮಗಳ ಕೊರಳಿಗೆ ಕಣ್ಣಿ ಕಟ್ಟಲಾ ಎಂದು. ಅವನು ಕಟ್ಟು ಎಂದ ಮೇಲೆ ನೂಲಿನ ಕಣ್ಣಿ ಕಟ್ಟಬೇಕು. ಅಲ್ಲಿಂದ ಅವಳು ಆ ಮನೆಯವಳು. ಕಟ್ಟದೆ ಹೆತ್ತರೆ ಬಾಯಿಗೊಂದು ಮಾತು. ಕಟ್ಟುವ ಮೊದಲೇ ಸತ್ತರೆ ಹೆಣದ ಕೊರಳಿಗೆ ಕಟ್ಟಿ ಆಮೇಲೆ ಎತ್ತಬೇಕು. ಹಾಗೆ ಕಟ್ಟಿದ್ದನ್ನು ನಾನು ಚಿಕ್ಕವಳಾಗಿದ್ದಾಗ ನೋಡಿದ್ದೇನೆ. ಗಂಟು ಹಾಕುವಾಗ ಆ ಗಂಡಸಿನ ಬೆರಳು ನಡುಗುತ್ತಿತ್ತು.

ಕಣ್ಣಿ ಕಟ್ಟಿದ ಮೇಲೆ ಗಂಡ ಹೆಂಡತಿ ಹೋಗಿ ಹಿರಿಯರಿಗೆಲ್ಲ ತಲೆ ಬಾಗುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು, ಬಗ್ಗಿ, ಬಾಯಿ ತುಂಬ ಹರಸುತ್ತಾರೆ. ಹತ್ತು ಹಟ್ಟಿಯ ಜನ ಬರುತ್ತಾರೆ. ಬಂದ ಹಿರಿಯರೆಲ್ಲರ ಕೈಯೂ ಅವಳ ತಲೆಗೆ, ಬಂದ ಹಿರಿಯರೆಲ್ಲರ ಉಸಿರೂ ಅವಳ ಮುಖಕ್ಕೆ.

ಶಾಸ್ತ್ರಕ್ಕೆ ಎರಡು ದಿನ ಇರುವಾಗ ಮೂಗಮ್ಮ ಮಧ್ಯಾಹ್ನದ ಬಸ್ಸಿಳಿದು ನೇರ ನನ್ನ ಅಡಿಗೆಮನೆಗೆ ಬಂದಳು. ಕಿಟಕಿ ತೆಗೆಯಲಿಲ್ಲ. ಅದನ್ನು ನೋಡಿಯೇ ಏನೋ ಆಗಿದೆ ಎಂದು ನನಗೆ ತಿಳಿಯಿತು.

"ಹೆತ್ತೆ, ನಾಡಿದ್ದಿನದು ಹತ್ತು ದಿನ ಮುಂದಕ್ಕೆ ಹಾಕಿ."

"ಯಾಕೆ?"

"ಹಟ್ಟಿಯಲ್ಲಿ ಫ್ಲೂ ಇದೆ. ಈಗ ಗೊತ್ತಾಯ್ತು."

"ಯಾರ ಮೂಗಲ್ಲಿ?"

"ಹೇಳಲ್ಲ."

"ಒಬ್ಬರೋ, ಇಬ್ಬರೋ?"

"ಅದೂ ಹೇಳಲ್ಲ."

ನಾನು ಒಲೆಯಿಂದ ಸೌದೆ ಹೊರಗೆಳೆದೆ. "ಏ, ಎನ್ನ ಮನೆ ಹಿಟ್ಟು ತಿಂದು ಎನಗೇ ಹೇಳದಿಲ್ಲೆಯಾ? ಎಂಟು ವರ್ಷಕ್ಕೆ ನಿಂತ ಬಸಿರು ಅದು."

"ಗೊತ್ತು. ಅದಕ್ಕೇ ಮುಂದಕ್ಕೆ ಹಾಕಿ ಅಂತಿದ್ದೀನಿ. ಈ ತಿಂಗಳಲ್ಲಿ ಹೊಟ್ಟೆ ಮೇಲಕ್ಕೆ ಒತ್ತುತ್ತೆ, ಉಸಿರಿಗೆ ಜಾಗ ಕಮ್ಮಿ. ಬೇರೆಯವರಿಗೆ ಮಲಗಿ ಏಳೋ ಜ್ವರ. ಅವಳಿಗೆ ಶ್ವಾಸಕೋಶಕ್ಕೆ ಇಳೀಬಹುದು. ಹಾಗೆ ಇಳಿದು ಹೋದವಳೊಬ್ಬಳನ್ನ ನಾನು ನೋಡಿದೀನಿ."

"ಇಳೀಬಹುದು ಅಂದರೆ? ಇಳೀತದೋ ಇಲ್ಲೆಯೋ?"

"ಗೊತ್ತಿಲ್ಲ."

"ಸರಿ. ಹೆಸರು ಹೇಳು. ಆ ಮನೆಯವರು ಬರೋದು ಬೇಡ ಅಂತೀನಿ. ಮುಗೀತಲ್ಲ."

ಅವಳು ಬಾಗಿಲ ಕಡೆ ನೋಡಿದಳು. ನಡುವಿನ ಮನೆಯ ಮಗು, ಈಗ ದೊಡ್ಡದಾಗಿತ್ತು, ಅಂಗಳದಲ್ಲಿ ಒಂದೇ ಆಡುತ್ತಿತ್ತು. "ಆಮೇಲೆ ಅವರ ಬಾಗಿಲಿಗೆ ಏನು ಹಾಕ್ತೀರಿ ಹೆತ್ತೆ? ಮುಳ್ಳಾ?" ಅಂದಳು.

ನನಗೆ ಸಿಟ್ಟು ಬಂತು. ಎದ್ದು ಬಾವನ ಮನೆಗೆ ಹೋದೆ. ಅವಳೂ ಹಿಂದೆ ಬಂದಳು. ಬಾವ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ನನ್ನನ್ನು ಬಿಟ್ಟು ಅವಳಿಗೇ ಉತ್ತರ ಕೊಟ್ಟರು.

"ಎಂಗ ಹಟ್ಟಿಲಿ ಕಣ್ಣಿ ಮುಂದಕ್ಕೆ ಹಾಕಿದ್ದು ಇಲ್ಲೆ. ಎಂಟನೇ ತಿಂಗಳು ಬಂದರೆ ಕಟ್ಟೋ ಹಾಗಿಲ್ಲೆ. ಎಲ್ಲಾ ಹಟ್ಟಿಗೂ ಹೇಳಿ ಆತು. ಆವತ್ತು ನೀನು ಫ್ಲೂ ಬಾರದ ಹಾಗೆ ಸೂಜಿ ಹಾಕಿಸು ಅಂದೆ, ಬಸುರಿಗೆ ಬೇಡ ಅಂತ ನಾನು ಅಂದೆ. ಇದಕ್ಕೂ ಬೇಡ ಅಂತೀನಿ. ಹೋಗು, ಟೀ ಕುಡಿ ಹೋಗು."

"ಗೌಡರೇ, ಹಿಂದೆ ಸೂಜಿ ಬೇಡ ಅಂದಿರಿ, ನಾನು ಸುಮ್ಮನಿದ್ದೆ. ಇವತ್ತು ಸುಮ್ಮನಿರಲ್ಲ. ಬೇಡ ಅಂತ ಹೇಳ್ತಾನೇ ಇರ್ತೀನಿ."

"ಹೇಳು. ಬಾಯಿ ನಿಂದು."

ಅವಳು ಪೆಟ್ಟಿಗೆ ನನ್ನ ಜಗುಲಿಯಲ್ಲಿಟ್ಟು ಸಾಲಿನ ಮೊದಲ ಮನೆಗೆ ಹೊರಟಳು. ನಾನು ಬೀನ್ಸ್ ಬುಟ್ಟಿ ಹಿಡಿದು ಅಂಗಳದ ಕಲ್ಲಿನ ಮೇಲೆ ಕೂತೆ. ಬೀನ್ಸ್ ಬಿಡಿಸುವುದು ನೆಪ. ಯಾವ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾಳೆ, ಯಾವ ಮನೆಯಿಂದ ಮುಖ ಸಣ್ಣ ಮಾಡಿಕೊಂಡು ಬರುತ್ತಾಳೆ, ನೋಡೋಣ ಎಂದು. ಅಷ್ಟು ಸಿಕ್ಕಿದ್ದರೆ ಸಾಕಿತ್ತು ನನಗೆ.

ಒಂದು ಬಾಗಿಲು. ಒಳಗೆ ಹೋದಳು, ಅರ್ಧ ಲೋಟ ಟೀ ಕುಡಿಯುವಷ್ಟು ಹೊತ್ತು, ಹೊರಗೆ ಬಂದಳು. ಮುಂದಿನ ಬಾಗಿಲು. ಅಷ್ಟೇ ಹೊತ್ತು. ಅದರ ಮುಂದಿನದು. ಅಷ್ಟೇ. ಬಾವನ ಮನೆಯಲ್ಲೂ ಅಷ್ಟೇ. ಮುಖ ಹೋದಾಗ ಹೇಗಿತ್ತೋ ಬಂದಾಗಲೂ ಹಾಗೇ. ನನ್ನಂತೆಯೇ ಇನ್ನೂ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ಅವಳನ್ನೇ ಅಳೆಯುತ್ತಿದ್ದರು. ಅವರ ಮುಖ ನೋಡಿದಾಗ ನನಗೆ ಹೊಳೆಯಿತು. ಈ ಹೆಂಗಸು ಎರಡು ವರ್ಷದಿಂದ ಎಲ್ಲರ ಮನೆಯ ಟೀ ಯಾಕೆ ಕುಡಿಯುತ್ತಿದ್ದಾಳೆ ಎಂದು ಆಗ ತಿಳಿಯಿತು. ಒಂದು ಮನೆಗೆ ಹೇಳುವ ಮಾತು ಇನ್ನೊಂದು ಮನೆಗೆ ಕಾಣದ ಹಾಗೆ ಅಷ್ಟೂ ಟೀ.

ಕೊನೆಗೆ ನನ್ನ ಮನೆಗೂ ಬಂದಳು. "ಅರ್ಧ ಲೋಟ ಕೊಡಿ."

"ಹೊಟ್ಟೆ ಒಡೆದು ಸಾಯ್ತೆ ನೋಡು. ಎನ್ನ ಮೂಗು ನಿನ್ನತ್ರ ಇಲ್ಲೆ, ಇಲ್ಲಿ ಯಾಕೆ?"

"ನಿಮ್ಮ ಮನೆ ಬಿಟ್ಟರೆ ನಿಮ್ಮ ಮನೇನೇ ಅಂತಾರೆ."

ಕೊಟ್ಟೆ. ಸಕ್ಕರೆ ಹಾಕಲಿಲ್ಲ. ಸಿಟ್ಟು ಇನ್ನೂ ಇತ್ತು.

ಮಾರನೆಯ ದಿನ ಹಟ್ಟಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದೇ ಕೆಲಸ. ನಲ್ಲಿಯ ಹತ್ತಿರ ಒಬ್ಬಳು ಸೆರಗಿಗೆ ಕೆಮ್ಮಿದಳು. ನಾಲ್ಕು ಕೊಡ ಹಿಂದಕ್ಕೆ ಸರಿದವು, ಅದರಲ್ಲಿ ಒಂದು ನನ್ನದು. "ಹೊಗೆ ಅಕ್ಕಾ, ಬರೀ ಹೊಗೆ," ಎಂದು ಅವಳು ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ. ಫ್ಯಾಕ್ಟರಿಗೆ ಹೋಗುವ ಗಂಡಸರು ಕೆಮ್ಮು ಬಂದರೆ ತೋಟದೊಳಗೆ ಇಳಿದು ಕೆಮ್ಮಿ ಬರುತ್ತಿದ್ದರು. ಸೊಸೆ ಒಳಗಿನ ಕೋಣೆಯಲ್ಲಿ ಕೂತಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಬಾಗಿಲಿಗೆ ಯಾರು ಬಂದರೂ ನಾನೇ ಎದ್ದು ಹೋಗಿ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ, ಅದನ್ನು ನೋಡಿ ಅವಳಿಗೆ ಗೊತ್ತಾಯಿತು.

"ಮಾಮಿ, ಎನಗೆ ಏನಾದರೂ ಆತದೆಯಾ?" ಅಂದಳು.

ನನ್ನ ಬಾಯಿಂದ ಗೊತ್ತಿಲ್ಲ ಎಂದೇ ಬಂತು.

ಅವಳು, ಮೂಗಮ್ಮ, ಹೇಳಿದ ಹಾಗೆಯೇ ಮಾಡಿದಳು. ಬೆಳಿಗ್ಗೆ ಬೇಡ ಅಂದಳು. ಮಧ್ಯಾಹ್ನ ಬೇಡ ಅಂದಳು. ಸಂಜೆ ಬಂದಾಗ ಮಾತು ಬದಲಿಸಿದಳು. "ಸರಿ, ನಿಲ್ಲಿಸಲ್ಲ ಅಂತೀರಿ. ಒಳಗೆ ಮಾತ್ರ ಬೇಡ. ಅಂಗಳದಲ್ಲಿ ಮಾಡಿ, ಆಕಾಶದ ಕೆಳಗೆ. ಪೆಂಡಾಲಿನ ಬಟ್ಟೆ ಬಿಚ್ಚಿಸಿ. ಅವಳ ಮುಖಕ್ಕೆ ಮಾಸ್ಕ್ ಇರಲಿ."

ಕಣ್ಣಿ ಮನೆಯೊಳಗೆ ಕಟ್ಟುವುದು ನಮ್ಮ ರೂಢಿ. ಬಾವ ಒಪ್ಪುವುದಿಲ್ಲ ಎಂದುಕೊಂಡು ಮಗನ ಕೈಯಲ್ಲಿ ಹೇಳಿ ಕಳಿಸಿದೆ. ಆಗಲಿ ಎಂದರಂತೆ. ಬೇರೆ ಒಂದು ಮಾತೂ ಆಡಲಿಲ್ಲವಂತೆ. ನಲವತ್ತು ವರ್ಷ ನಾನು ಹೇಳಿದ್ದಕ್ಕೆ ಬಾವ ಹಾಗೆ ಸುಲಭಕ್ಕೆ ಆಗಲಿ ಎಂದದ್ದು ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಶಾಸ್ತ್ರದ ದಿನ ಬಿಸಿಲಿತ್ತು, ಬಿಸಿಲಿಗೆ ಬಿಸಿ ಇರಲಿಲ್ಲ. ಜೀಪು, ವ್ಯಾನು ತುಂಬಿಕೊಂಡು ಜನ ಬಂದರು. ಬಿಳಿ ಬಟ್ಟೆ ಹೊದ್ದ ಹೆಂಗಸರು ಅಂಗಳದ ಒಂದು ಕಡೆ, ಪೇಟ ಕಟ್ಟಿದ ಗಂಡಸರು ಇನ್ನೊಂದು ಕಡೆ. ಸೊಸೆಯ ಮಾಸ್ಕ್ ನೋಡಿ ಅವಳ ತವರಿನ ಮುದುಕಿಯೊಬ್ಬಳು, "ಏನು ಹುಡುಗಿ, ಹಲ್ಲು ಬಿದ್ದೋತಾ?" ಅಂದಳು. ಬಂದವರೆಲ್ಲ ನಕ್ಕರು. ನಮ್ಮ ಹಟ್ಟಿಯವರು ನಗಲಿಲ್ಲ. ಬಾವ ಬಂದು ತಮ್ಮ ಜಾಗದಲ್ಲಿ ಕೂರದೆ ಕಲ್ಲಿನ ಗೋಡೆಗೆ ಒರಗಿ ನಿಂತರು. ಕೂರಿ ಎಂದವರಿಗೆ ಸೊಂಟ ನೋವು ಅಂದರು. ಮೂಗಮ್ಮ ನನ್ನ ಜಗುಲಿಯ ಕಂಬದ ಹತ್ತಿರ ನಿಂತಿದ್ದಳು.

ಮಗ ಮಾವನನ್ನು ಕೇಳಿದ, "ಮಾವಾ, ನಿನ್ನ ಮಗಳ ಕೊರಳಿಗೆ ಕಣ್ಣಿ ಕಟ್ಟಲಾ?"

"ಕಟ್ಟು."

ಕಟ್ಟಿದ. ನನ್ನ ಕಣ್ಣು ಅವನ ಬೆರಳಿನ ಮೇಲೇ ಇತ್ತು. ನಡುಗಲಿಲ್ಲ.

ಆಮೇಲೆ ಇಬ್ಬರೂ ಎದ್ದು ಹಿರಿಯರಲ್ಲಿ ಹಿರಿಯರಾದ ಬಾವನ ಕಡೆ ನಡೆದರು. ಅಂಗಳದ ಅರ್ಧಕ್ಕೆ ಬಂದಿರಬೇಕು, ಬಾವ ಕೈ ಎತ್ತಿದರು.

"ಅಲ್ಲೇ ನಿಲ್ಲಿ!"

ಅಂಥ ದನಿಯಲ್ಲಿ ಅವರು ಕಾಡುಹಂದಿಯನ್ನಷ್ಟೇ ಕೂಗಿ ಓಡಿಸುತ್ತಿದ್ದರು. ಸೊಸೆ ಮಗನ ತೋಳು ಹಿಡಿದುಕೊಂಡಳು.

"ಎನಗೆ ಆ ಕಾಯ್ಚಲ್ ಇದೆ," ಅಂದರು ಬಾವ. ಜ್ವರಕ್ಕೆ ನಾವು ಹೇಳುವ ತಮಿಳು ಮಾತು ಅದು. "ಮೊನ್ನೆಯೇ ಗೊತ್ತು. ಮೂಗಮ್ಮನ್ನ ಯಾರೂ ಕೇಳೋದು ಬೇಡ, ಅವಳು ಹೇಳೋಳಲ್ಲ. ನಾನೇ ಹೇಳ್ತಿದೀನಿ. ನಾನು ಇಲ್ಲಿಂದಲೇ ಹರಸ್ತೀನಿ. ಅಲ್ಲೇ ತಲೆ ಬಾಗಿ."

ಅವರಿಬ್ಬರೂ ನಡು ಅಂಗಳದಲ್ಲಿ ತಲೆ ಬಾಗಿದರು. ಬಾವ ಗಾಳಿಯಲ್ಲಿ ಕೈ ಚಾಚಿ, ಮುಖ ತೋಟದ ಕಡೆ ತಿರುಗಿಸಿ, ಕೂಗಿ ಹರಸಿದರು. ಬದುಕಿ, ಬಾಳಿ, ಮನೆಗೆ ಮಕ್ಕಳಾಗಲಿ, ಕೊಟ್ಟಿಗೆಗೆ ಕರುವಾಗಲಿ, ಬಿತ್ತಿದ್ದು ಬೆಳೆಯಲಿ. ನಡುನಡುವೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ ನಿಂತ ಮಾತಿನಿಂದಲೇ ಮುಂದುವರಿಸಿದರು.

ಆಮೇಲೆ ಹೆಂಗಸರ ಗುಂಪಿನಿಂದ ಒಬ್ಬಳು ಎದ್ದಳು. ನಲ್ಲಿಯ ಹತ್ತಿರ ಹೊಗೆ ಎಂದವಳಲ್ಲ, ಬೇರೆಯವಳು, ನಾನು ಎಣಿಸಿಯೇ ಇರದವಳು. ಹೋಗಿ ಗೋಡೆಯ ಹತ್ತಿರ ಬಾವನಿಂದ ಸ್ವಲ್ಪ ದೂರದಲ್ಲಿ ನಿಂತಳು. ಆಮೇಲೆ ಫ್ಯಾಕ್ಟರಿಯ ಒಬ್ಬ. ಆಮೇಲೆ ನಡುವಿನ ಮನೆಯ ಗಂಡಸು, ಬಾಗಿಲಿಗೆ ಮುಳ್ಳು ಹಾಕಿಸಿಕೊಂಡವನು. ಅವನು ಹೋಗುವಾಗ ನೆಲ ನೋಡಿಕೊಂಡು ಹೋದ. ಬಾವ, "ಬಾ, ಇತ್ತ ನಿಲ್ಲು," ಎಂದು ಅವನಿಗೆ ತಮ್ಮ ಪಕ್ಕದಲ್ಲಿ ಜಾಗ ತೋರಿಸಿದರು.

ನಾನು ಆಗ ಮೂಗಮ್ಮನ ಮುಖ ನೋಡಿದೆ. ಗೋಡೆಗೆ ಹೋದವರು ಸರಿಯಾದವರೋ, ಹೋಗದೆ ಇನ್ನೂ ಯಾರಾದರೂ ಕೂತಿದ್ದಾರೋ, ಮುಖದಲ್ಲಾದರೂ ಸಿಗುತ್ತದೆ ಎಂದು. ಅವಳು ತಲೆ ಬಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಎಲ್ಲ ಮುಗಿಯುವವರೆಗೆ ಕಣ್ಣು ಮೇಲೆತ್ತಲಿಲ್ಲ.

ಜನ ಹೊರಟ ಮೇಲೆ ಕೇಳಿಯೇ ಬಿಟ್ಟೆ. "ಎಲ್ಲರೂ ಗೋಡೆಗೆ ಹೋದರಾ? ಇನ್ನೂ ಇದ್ದರಾ?"

"ಹೇಳಲ್ಲ ಹೆತ್ತೆ."

"ಬಾವ ಅವರಾಗೇ ಹೇಳಿದರಲ್ಲ. ಅವರದಾದರೂ ಹೌದು ಅನ್ನು."

"ಅವರು ಹೇಳಿದ್ದು ಅವರ ಮಾತು. ನನ್ನ ಬಾಯಲ್ಲಿ ಬರಲ್ಲ."

ಸೊಸೆಗೆ ಜ್ವರ ಬರಲಿಲ್ಲ. ಆ ವಾರ ಪೂರ್ತಿ ಅವಳು ಒಂದು ಸಲ ಸೀನಿದರೂ ಹಣೆ ಮುಟ್ಟಿ ನೋಡು ಎಂದು ಮಗನನ್ನು ಕಳಿಸುತ್ತಿದ್ದೆ. ಬರಲಿಲ್ಲ. ಏಪ್ರಿಲಿನಲ್ಲಿ ಹೆಣ್ಣು ಹೆತ್ತಳು, ಗಟ್ಟಿ ಗಂಟಲಿನ ಹೆಣ್ಣು. ಅಂಗಳದಲ್ಲಿ ಮಾಡಿದ್ದಕ್ಕೆ ಉಳಿದಳಾ, ಮಾಸ್ಕಿಗಾ, ಬಾವ ದೂರ ನಿಂತದ್ದಕ್ಕಾ ಎಂದು ಮೂಗಮ್ಮನನ್ನು ಕೇಳಿದೆ. ಅವಳ ಉತ್ತರ ಏನೆಂದು ಬರೆಯಬೇಕಾಗಿಲ್ಲ. ಬಾವ ಆ ಜ್ವರದಲ್ಲಿ ಹಾಸಿಗೆ ಹಿಡಿದರು, ಊಟಿ ಆಸ್ಪತ್ರೆಗೂ ಹೋಗಿ ಬಂದರು, ಮತ್ತೆ ಎದ್ದರು. ಹೋದ ವರ್ಷ ಬೇರೆ ಕಾಯಿಲೆಯಲ್ಲಿ ತೀರಿಕೊಂಡರು. ಗೋಡೆಗೆ ಹೋದವರ ಬಾಗಿಲಿಗೆ ಆ ಸಲ ಮುಳ್ಳು ಬೀಳಲಿಲ್ಲ. ಗೌಡನ ಬಾಗಿಲಿಗೆ ಹಾಕದೆ ಬೇರೆಯವರ ಬಾಗಿಲಿಗೆ ಹೇಗೆ ಹಾಕುತ್ತಾರೆ.

ಅವಳ ಸಂಶೋಧನೆ ಮುಗಿದು ಕೋಣೆ ಬಿಟ್ಟು ಹೋಗಿ ಈಗ ಎರಡು ವರ್ಷವಾಯಿತು. ಆಲೂಗಡ್ಡೆ ಮೂಟೆ ಮತ್ತೆ ಅಲ್ಲಿಗೇ ಬಂದಿದೆ. ನಮ್ಮ ಮೂಗಿನಿಂದ ಅವಳು ಏನು ಕಂಡುಹಿಡಿದಳು ಎನ್ನುವುದು ಇಂಗ್ಲಿಷಿನಲ್ಲಿ ಅಚ್ಚಾಗಿದೆಯಂತೆ. ಅದರಲ್ಲಿ ಹಟ್ಟಿಯ ಹೆಸರೂ ಇಲ್ಲವಂತೆ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಣ್ಣಿ ಕಟ್ಟಿದ ಮಾರನೆಯ ಬೆಳಿಗ್ಗೆ ಎದ್ದಾಗ ನನ್ನ ಗಂಟಲು ಕೆರೆಯುತ್ತಿತ್ತು. ಜನರ ನಡುವೆ ಕೂಗಾಡಿದ್ದಕ್ಕೂ ಇರಬಹುದು. ಒಲೆ ಹಚ್ಚಲಿಲ್ಲ. ಸೊಸೆಯ ಕೋಣೆಯ ಕಡೆ ಹೋಗಲಿಲ್ಲ. ಹಿಂಬಾಗಿಲಿನಿಂದ ಹೊರಗೆ ಬಂದು, ಹಿಮ ತುಳಿದುಕೊಂಡು ಹೋಗಿ ಮೂಗಮ್ಮನ ಬಾಗಿಲು ತಟ್ಟಿದೆ. ಅವಳು ಹಲ್ಲುಜ್ಜುತ್ತಾ ತೆಗೆದಳು. ನಾನು ಒಳಗೆ ಹೋಗಿ ಅವಳ ಸ್ಟೂಲಿನ ಮೇಲೆ ಕೂತೆ, ತಲೆ ಹಿಂದಕ್ಕೆ ಹಾಕಿ ಮೂಗು ಮೇಲೆ ಮಾಡಿದೆ.